ಹಗ್ಗವಿಲ್ಲದ ಕಂಬ

ನಮ್ಮೂರಿನ ಬಾವುಟದ ಕಂಬಕ್ಕೆ ಹಗ್ಗವಿಲ್ಲ. ಒಂದು ಹಗ್ಗ ಹಾಕಿಕೊಂಡರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ದೇವರ ಮುಂದೆ ದೀಪ ಹಚ್ಚುವ ಬದಲು ಬ್ಯಾಟರಿ ಬಿಟ್ಟರೆ ಆಗದೇ ಎಂದು ಅವರ ಮನೆಗೇ ಹೋಗಿ ಯಾರಾದರೂ ಕೇಳಬೇಕು, ಆಗ ತಿಳಿಯುತ್ತದೆ. ನಮ್ಮಲ್ಲಿ ಬಾವುಟ ಏರಿಸುವುದಿಲ್ಲ, ಕಟ್ಟುತ್ತೇವೆ. ನಾಡಹಬ್ಬದ ಬೆಳಿಗ್ಗೆ ಊರೆಲ್ಲ ಬಯಲಿನಾಚೆ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಬರಿಗಾಲಲ್ಲಿ ಬಂದು ನಿಲ್ಲುತ್ತದೆ. ಅಧ್ಯಕ್ಷರು ಕಟ್ಟೆ ಹತ್ತಿ ಭಾಷಣ ಮಾಡುತ್ತಾರೆ. ಆ ಭಾಷಣವನ್ನು ಯಾರು ಮನಸಾರೆ ನಂಬುತ್ತಾರೋ ಅವರ ಕಾಲು ನೆಲ ಬಿಡುತ್ತದೆ. ಎಲ್ಲರಿಗಿಂತ ಮೇಲೆ ಎದ್ದವರ ಕೈಗೆ ಬಾವುಟ ಕೊಡುತ್ತಾರೆ. ಅವರು ಅದನ್ನು ಕಂಬದ ತುದಿಗೆ ಕಟ್ಟಿ, ಮಂಗಳಾರತಿ ಆಗುವ ಹೊತ್ತಿಗೆ ಮೆಲ್ಲಗೆ ಇಳಿಯುತ್ತಾರೆ. ಆಮೇಲೆ ಕೋಸಂಬರಿ, ಪಾನಕ. ಅದಾದ ಮೇಲೆ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುವುದು.

ನಾಡು ಹುಟ್ಟಿದ ಕಾಲದಲ್ಲಿ ಕಂಬ ತೆಂಗಿನ ಮರದಷ್ಟು ಎತ್ತರವಿತ್ತಂತೆ. ಆಗಿನ ಜನ ಹಿಂಡುಹಿಂಡಾಗಿ ಏಳುತ್ತಿದ್ದರಂತೆ. ಯಾರೋ ಒಬ್ಬರು ಇಳಿಯುವಾಗ ಗಾಳಿಗೆ ಸಿಕ್ಕಿ ಈಶ್ವರನ ಗುಡಿಯ ಮೇಲೆ ಕೂತರು, ಅವರನ್ನು ಇಳಿಸಲು ಏಣಿ ತಂದರು ಎಂದೆಲ್ಲ ಹಿರಿಯರು ಹೇಳುತ್ತಾರೆ. ಬರಬರುತ್ತ ಜನ ಏಳುವ ಎತ್ತರ ಕಡಿಮೆಯಾಯಿತು. ತುದಿ ಎಟುಕದೆ ಹೋದಾಗ ಕಂಬ ಕತ್ತರಿಸಿದರು. ಮತ್ತೆ ಎಟುಕಲಿಲ್ಲ, ಮತ್ತೆ ಕತ್ತರಿಸಿದರು. ಬಡಗಿ ಕಾಳಾಚಾರಿಯ ಮನೆತನಕ್ಕೆ ಇದೇ ಹಕ್ಕಿನ ಕೆಲಸ. ಪ್ರತಿ ಹಬ್ಬದ ಮಾರನೆಯ ದಿನ ಅವನು ಗರಗಸ ಹಿಡಿದು ಬಂದು, ಕಂಬಕ್ಕೆ ಕೈ ಮುಗಿದು, ಒಂದಿಷ್ಟು ಕೊಯ್ದು ಹೋಗುತ್ತಾನೆ. ಕೊಯ್ದ ತುಂಡನ್ನು ಬಿಸಾಡುವಂತಿಲ್ಲ. ಮನೆಮನೆಗೆ ಕೊಡುತ್ತಾರೆ, ದೇವರ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ನಮ್ಮನೆಯಲ್ಲೂ ಒಂದಿದೆ. ನಮ್ಮತ್ತೆ ದಿನಾ ಅದಕ್ಕೆ ಕುಂಕುಮ ಹಚ್ಚುತ್ತಾರೆ. ಅವರು ಇಲ್ಲದಾಗ ನಾನು ಅದರಲ್ಲೇ ಬೆಳ್ಳುಳ್ಳಿ ಜಜ್ಜುತ್ತೇನೆ, ಒಳ್ಳೆಯ ತೂಕದ ಮರ.

ನನ್ನ ಹೆಸರು ದಾಕ್ಷಾಯಿಣಿ. ಪಂಚಾಯಿತಿ ಕಚೇರಿಯ ಹಿಂದೆ, ದನದ ದೊಡ್ಡಿಗೆ ಹೊಂದಿಕೊಂಡು ನನ್ನ ಬಜ್ಜಿ ಅಂಗಡಿ. ನಾನು ಒಂದು ಸಲವೂ ಎದ್ದವಳಲ್ಲ. ಬಜ್ಜಿ ತಿನ್ನುತ್ತ ಆ ಭಾಷಣ ಬರೆಯುವವರನ್ನು ದಿನಾ ನೋಡುವವಳು ಏಳುವುದಾದರೂ ಹೇಗೆ? ನನ್ನಂಥವರೇ ಊರಲ್ಲಿ ಜಾಸ್ತಿ. ಮೊದಮೊದಲು ಏಳದವರಿಗೆ ನಾಚಿಕೆಯಾಗುತ್ತಿತ್ತಂತೆ. ಅದಕ್ಕೇ ನಮ್ಮೂರಿನ ಹೆಂಗಸರು ಹಬ್ಬಕ್ಕೆ ಸೀರೆಯನ್ನು ಕೆಳಗಿಳಿಸಿ ಉಡುವುದು, ಗಂಡಸರು ಪಂಚೆಯನ್ನು ನೆಲ ಗುಡಿಸುವಂತೆ ಬಿಡುವುದು. ತುದಿಗಾಲಲ್ಲಿ ನಿಂತು ಎದ್ದೆವೆನ್ನುವವರೂ ಇದ್ದರು. ಅದನ್ನು ಹಿಡಿಯಲು ಸ್ವಯಂಸೇವಕರು ಒಂದೊಂದು ಬಿದಿರು ಸೀಳು ಹಿಡಿದುಕೊಂಡು ಬಂದು ಪಾದದ ಕೆಳಗೆ ತೂರಿಸಿ ನೋಡುತ್ತಿದ್ದರು. ಸೀಳು ಆಚೆಗೆ ಬಂದರೆ ನಂಬಿಕೆ, ಹೆಬ್ಬೆರಳಿಗೆ ತಾಗಿದರೆ ನಾಟಕ. ಈಗ ಅದೆಲ್ಲ ಇಲ್ಲ. ಸ್ವಯಂಸೇವಕರೇ ಏಳುವುದಿಲ್ಲವಾದ್ದರಿಂದ ಯಾರೂ ಯಾರ ಕಾಲನ್ನೂ ನೋಡುವುದಿಲ್ಲ.

ಈಗ ಏಳುವವರು ಇಡೀ ಊರಿಗೆ ಒಬ್ಬರೇ, ನಮ್ಮತ್ತೆ ಸಾಕವ್ವ. ಕುಳ್ಳಗಿನ, ತೆಳ್ಳಗಿನ ಹೆಂಗಸು. ನಂಬಿಕೆ ಎಂದರೆ ಅವರದು ನಂಬಿಕೆ. ಬದನೆಕಾಯಿಯವನು ಹುಳುಕಿಲ್ಲ ಎಂದರೆ ನಂಬುತ್ತಾರೆ. ಕೊಯ್ದಾಗ ಹುಳ ಹೊರಬಂದರೆ, "ಪಾಪ, ಅವ್ನಿಗೆ ಹೇಳ್ದೆ ಒಳಗೆ ಹೊಕ್ಕಂಡದೆ" ಎನ್ನುತ್ತಾರೆ. ಹಾಲಿನವಳನ್ನು ನಂಬುತ್ತಾರೆ. ಹಾಗೆ ನಂಬಿದರೆ ಹಾಲೇನೂ ಗಟ್ಟಿಯಾಗುವುದಿಲ್ಲ. ಜಗತ್ತಿನಲ್ಲಿ ಅವರು ನಂಬದ ವಸ್ತು ಒಂದೇ, ಅದು ನನ್ನ ಸಾರು. ಉಪ್ಪು ಹಾಕಿದ್ದೇನೆ ಎಂದು ಆಣೆ ಮಾಡಿದರೂ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡದೆ ಊಟಕ್ಕೆ ಕೂತವರಲ್ಲ.

ಆದರೆ ಭಾಷಣಕ್ಕೆ ಅವರು ಏಳುತ್ತಿದ್ದದ್ದು ಬರೀ ಭೋಳೆತನದಿಂದಲ್ಲ. ನಮ್ಮೂರಿಗೂ ಆಚೆ ದಡಕ್ಕೂ ನಡುವೆ ಹೊಳೆ. ಆಸ್ಪತ್ರೆ ಆಚೆಗೆ, ಹೈಸ್ಕೂಲು ಆಚೆಗೆ. ಈಚೆಗೆ ನಾವು, ಕಂಬ, ಮತ್ತೆ ಒಂದು ಹಳೆಯ ದೋಣಿ. ಆಚೆ ದಡಕ್ಕೆ ಕರೆಂಟು ಬಂದ ಮರುವರ್ಷ ನನ್ನ ಗಂಡ ಬಸಲಿಂಗನಿಗೆ ಹೊಲದಲ್ಲಿ ಹಾವು ಕಡಿಯಿತು. ಹೊಳೆ ತುಂಬಿ ಹರಿಯುತ್ತಿತ್ತು, ದೋಣಿ ಬಿಡಲು ಅಂಬಿಗ ಒಪ್ಪಲಿಲ್ಲ. ಒಪ್ಪಿದ್ದರೆ ಅವನೂ ಹೋಗುತ್ತಿದ್ದ, ಅವನ ಮೇಲೆ ನನಗೆ ಸಿಟ್ಟಿಲ್ಲ. ಗಂಡನನ್ನು ದಡದಲ್ಲಿ ಮಲಗಿಸಿಕೊಂಡು ಕೂತೆವು. ತಲೆ ಅತ್ತೆಯ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಮುಸ್ಸಂಜೆಯಾಗಿ ಆಚೆ ಆಸ್ಪತ್ರೆಯ ದೀಪಗಳು ಸಾಲಾಗಿ ಹೊತ್ತಿಕೊಂಡವು. "ಅವ್ವಾ, ಎಷ್ಟು ಚೆಂದ ಕಾಣ್ತದೆ ನೋಡು" ಅಂದರು. ಆಮೇಲೆ ಮಾತಾಡಲಿಲ್ಲ.

ಆ ವರ್ಷದ ಹಬ್ಬಕ್ಕೆ ಅತ್ತೆ ಹೋಗುವುದಿಲ್ಲ ಅಂದುಕೊಂಡಿದ್ದೆ. ಹೋದರು. ಅಧ್ಯಕ್ಷ ಪರ್ವತಯ್ಯ ಕಟ್ಟೆ ಹತ್ತಿ, ಎಂದಿನಂತೆ ಹಿರಿಯರ ತ್ಯಾಗ ಬಲಿದಾನಗಳನ್ನೆಲ್ಲ ಮುಗಿಸಿ, ಹಿಂದಿನ ಹಬ್ಬಗಳ ಹಾಗೆಯೇ ಎರಡೂ ಕೈ ಎತ್ತಿ, "ನಾಡದೇವಿಯ ಸಾಕ್ಷಿಯಾಗಿ, ಹಿರಿಯರ ಆಣೆಯಾಗಿ, ಮುಂದಿನ ಹಬ್ಬದೊಳಗೆ ಈ ಹೊಳೆಗೆ ಸೇತುವೆ!" ಎಂದರು. ಜನ ರೂಢಿಯಂತೆ "ಹಾಗೇ ಆಗಲಿ" ಎಂದರು. ನನ್ನ ಪಕ್ಕದಲ್ಲಿದ್ದ ಅತ್ತೆ ಕಣ್ಣು ಮುಚ್ಚಿದರು. ನೋಡನೋಡುತ್ತಿದ್ದಂತೆ ಅವರ ಭುಜ ನನ್ನ ಕಿವಿಯ ಮಟ್ಟಕ್ಕೆ ಬಂತು. ಆಮೇಲೂ ಪ್ರತಿ ಹಬ್ಬಕ್ಕೂ ಅದೇ ಮಾತು, ಅದೇ ಸಾಕ್ಷಿ, ಅದೇ ಆಣೆ. ಅತ್ತೆ ಏಳುತ್ತಾರೆ, ಬಾವುಟ ಕಟ್ಟುತ್ತಾರೆ, ಇಳಿಯುತ್ತಾರೆ. "ಮುಂದಿನ ವರ್ಷ ಬಂದೇ ಬರ್ತದೆ ಕಣೆ ದಾಕ್ಷಿ. ದೇವರ ಹೆಸರೆತ್ತಿ ಯಾರಾದ್ರೂ ಸುಳ್ಳು ಹೇಳ್ತಾರಾ?" ಎನ್ನುತ್ತ ಮನೆಗೆ ಬಂದು ಮಗನ ಪಟಕ್ಕೆ ಹೂವಿಡುತ್ತಾರೆ. ನಾನು ಒಲೆ ಹಚ್ಚುತ್ತೇನೆ.

ಅತ್ತೆಗೆ ವಯಸ್ಸಾಗಿ ಈಗೀಗ ಒಂದು ಗೇಣು ಎದ್ದರೆ ಹೆಚ್ಚು. ಈ ವರ್ಷ ಕಾಳಾಚಾರಿ, ಮುದುಕಿಗೆ ಕಷ್ಟವಾದೀತೆಂದು, ಎಂದಿನದಕ್ಕಿಂತ ತುಸು ಹೆಚ್ಚೇ ಕೊಯ್ದಿದ್ದ. ಕಂಬ ಈಗ ಬಟ್ಟೆ ಒಣಗಿಸುವ ಗೂಟದಂತೆ ಕಾಣುತ್ತದೆ ಎಂದು ನಾನು ಅಂದದ್ದಕ್ಕೆ ಅವನು ಒಂದು ವಾರ ಬಜ್ಜಿ ತಿನ್ನಲು ಬರಲಿಲ್ಲ.

ಇನ್ನು ದೊಡ್ಡಿಯ ವಿಷಯ. ದನ ಕೂಡಿಹಾಕುವುದು ನಿಂತು ಎಷ್ಟೋ ಕಾಲವಾಯಿತು. ಅಲ್ಲಿ ನೀಲಿ ಟಾರ್ಪಾಲು ಹೊದಿಸಿದ ಒಂದು ದೊಡ್ಡ ರಾಶಿ ಇದೆ. ಹಬ್ಬದ ಮಂಟಪದ ಸಾಮಾನು ಎಂದು ಎಲ್ಲರೂ ಹೇಳುತ್ತಿದ್ದರು. ಸದಸ್ಯರು ಬಿಸಿಲು ಕಾಯಲು ಅದರ ಮೇಲೆ ಕೂತು ಟೀ ಕುಡಿಯುತ್ತಿದ್ದರು, ನಾನು ಅದರ ಮೇಲೆ ಸಂಡಿಗೆ ಒಣಗಿಸುತ್ತಿದ್ದೆ. ಮಳೆಗಾಲದ ಮೊದಲ ಗಾಳಿಗೆ ಒಂದು ಮಧ್ಯಾಹ್ನ ಟಾರ್ಪಾಲು ಹಾರಿ ನನ್ನ ಬಾಣಲೆಯ ಮೇಲೇ ಬಂದು ಬಿತ್ತು. ಬೈಯುತ್ತ ಅದನ್ನು ಎಳೆದುಕೊಂಡು ಹೋಗಿ ನೋಡಿದರೆ, ಕೆಂಪು ಬಣ್ಣ ಬಳಿದ ಕಬ್ಬಿಣದ ತೊಲೆಗಳು. ಒಂದೊಂದೂ ನಮ್ಮ ಮನೆಗಿಂತ ಉದ್ದ. ತುದಿಯಲ್ಲಿ ಬೋಲ್ಟಿನ ತೂತುಗಳು. ಮಂಟಪಕ್ಕೆ ಅಂಥ ತೊಲೆ ಯಾರು ಹಾಕುತ್ತಾರೆ? ನಾನು ಸೌಟು ಹಿಡಿದುಕೊಂಡೇ ಕಚೇರಿಯೊಳಗೆ ನುಗ್ಗಿದೆ.

ಪರ್ವತಯ್ಯ ಕೆಟ್ಟ ಮನುಷ್ಯನಂತೆ ಕಾಣುವುದಿಲ್ಲ. ದುಂಡು ಮುಖ, ಮೆತ್ತಗಿನ ಮಾತು. ಹಬ್ಬದ ಹಿಂದಿನ ದಿನ ಉಪವಾಸ ಮಾಡುತ್ತಾರೆ, ಭಾಷಣದ ಹಾಳೆಯನ್ನು ದೇವರ ಪಾದದಲ್ಲಿಟ್ಟು ತೆಗೆಯುತ್ತಾರೆ. ನನ್ನ ಕೈಯಲ್ಲಿದ್ದ ಸೌಟು ನೋಡಿ, "ಕೂತ್ಕೊ ತಂಗಿ" ಅಂದರು.

"ಕೂರೋಕೆ ಬಂದಿಲ್ಲ. ದೊಡ್ಡೀಲಿ ಬಿದ್ದಿರೋದು ಸೇತುವೆ ಕಬ್ಬಿಣ ಅಲ್ವಾ?"

ಅವರು ಇಲ್ಲ ಅನ್ನಲಿಲ್ಲ. "ಹೌದಮ್ಮ. ಮೊನ್ನೆ ತಾನೆ ಬಂತು. ಮಂಟಪದ ಸಾಮಾನು ಬೇರೆ ಕಡೆ ಸಾಗಿಸಿ ಇದನ್ನ ಅಲ್ಲಿ ಹಾಕಿಸ್ದೆ."

"ಬಂದದ್ದಾದ್ರೆ ಕಟ್ಟೋಕೇನು ದಾಡಿ?"

ಪರ್ವತಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿಧಾನವಾಗಿ ಯೋಚ್ನೆ ಮಾಡು ತಂಗಿ. ಸೇತುವೆ ಕಟ್ಟಿದ್ರೆ ನಿಮ್ಮತ್ತೆ ಏನನ್ನ ನಂಬ್ತಾಳೆ?"

"ಕಟ್ಟಿದ ಸೇತುವೇನ ನಂಬ್ತಾರೆ."

"ಕಂಡದ್ದನ್ನ ಯಾರಾದ್ರೂ ನಂಬ್ತಾರೇನಮ್ಮ? ಕಂಡದ್ದನ್ನ ಕಾಣ್ತಾರೆ, ಅಷ್ಟೆ. ನಂಬಿಕೆ ಅನ್ನೋದು ಇಲ್ದೆ ಇರೋದ್ರ ಮೇಲೆ ನಿಲ್ಲೋದು. ಕಟ್ಟಿಬಿಟ್ರೆ ಮುಂದಿನ ಹಬ್ಬಕ್ಕೆ ಯಾರು ಏಳ್ತಾರೆ? ಊರಿಗೆ ಊರೇ ನೆಲಕ್ಕೆ ಅಂಟ್ಕೊಂಡದೆ. ಬಾವುಟ ಕೆಳಗೇ ಉಳಿದ್ರೆ ನಮ್ಮ ಮಾನ ಏನಾಗ್ಬೇಕು? ಹಿರಿಯರಿಗೆ ಏನು ಉತ್ತರ ಕೊಡ್ಲಿ?"

ಹಿರಿಯರ ಚಿಂತೆ ಅವರಿಗೆ ಎಷ್ಟಿತ್ತೋ ನಾ ಕಾಣೆ. ಕುರ್ಚಿಯ ಚಿಂತೆ ಚೆನ್ನಾಗಿಯೇ ಇತ್ತು. ನಮ್ಮೂರಿನ ಕಟ್ಟಳೆ ಹೀಗಿದೆ: ಹಬ್ಬದ ದಿನ ಒಬ್ಬರಾದರೂ ಏಳುವವರೆಗೆ ಅಧ್ಯಕ್ಷರು ಭಾಷಣ ನಿಲ್ಲಿಸುವಂತಿಲ್ಲ, ಕಟ್ಟೆ ಇಳಿಯುವಂತಿಲ್ಲ. ಇಳಿದರೆ ಅಧ್ಯಕ್ಷಗಿರಿ ಅಲ್ಲಿಗೇ ಮುಗಿಯಿತು. ಪರ್ವತಯ್ಯನ ಭಾಷಣ ಮಾತ್ರ ಇಷ್ಟು ವರ್ಷವೂ ಚುಟುಕಾಗಿ ಮುಗಿಯುತ್ತಿತ್ತು, ನಮ್ಮತ್ತೆಯ ದೆಸೆಯಿಂದ.

"ನನ್ನ ಮಗಳು ನೀಲಾ ದಿನಾ ಆ ತೂತು ದೋಣೀಲಿ ಹೈಸ್ಕೂಲಿಗೆ ಹೋಗ್ತಾಳೆ. ಅವಳು ಆಚೆ ದಡ ಇಳಿದು ಕೈ ಬೀಸೋವರೆಗೂ ನನಗೆ ಉಸಿರಾಡೋಕಾಗಲ್ಲ, ಗೊತ್ತಾ ನಿಮಗೆ? ಅವರಪ್ಪನ್ನ ನುಂಗಿದ್ದು ಸಾಲ್ದಾ ಈ ಹೊಳೆಗೆ?" ಎಂದೆ. ಇಂಥವರ ಮುಂದೆ ಅಳಬಾರದು ಅಂದುಕೊಂಡಿದ್ದರೂ ಕಣ್ಣು ಕೇಳಲಿಲ್ಲ.

"ದೇವರಿದ್ದಾನೆ ತಂಗಿ. ನಂಬ್ಕೆ ಇಡು" ಎಂದರು ಪರ್ವತಯ್ಯ. ಆಮೇಲೆ ಟಾರ್ಪಾಲಿಗೆ ನಾಲ್ಕು ಮೂಲೆಗೂ ಕಲ್ಲು ಇಡಿಸಿದರು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಕಬ್ಬಿಣ ಎಂದದ್ದೇ ತಡ, ಅವರ ಮುಖ ಅರಳಿತು. "ನೋಡ್ದಾ? ನೋಡ್ದಾ? ಬಂತು ಅಂದ್ರೆ ಬಂತು! ನೀನು ನನ್ನ ಹುಚ್ಚಿ ಅಂತಿದ್ದೆ." ಎದ್ದು ಹೋಗಿ ಕಂಬದ ತುಂಡಿಗೆ ಒಂದು ಹೂವು ಏರಿಸಿ ಬಂದರು.

"ಅತ್ತೆ, ಬಂದದೆ, ಆದ್ರೆ ಕಟ್ಟೋದಿಲ್ಲ. ನೀವು ಏಳ್ತಾ ಇರೋವರೆಗೂ ಕಟ್ಟೋದಿಲ್ಲ. ಕಟ್ಟಿದ್ರೆ ನೀವು ಏಳೋದಿಲ್ಲ ಅಂತ ಅವರಿಗೆ ಭಯ."

"ಮೊನ್ನೆ ತಾನೆ ಬಂದದ್ದು ಅಂತೀಯ. ಮಳೆಗಾಲ ಕಳೀಲಿ ಅಂತಿದ್ದಾರು."

"ಅವರೇ ಬಾಯಿಬಿಟ್ಟು ಹೇಳಿದ್ರು ಅತ್ತೆ. ನಿಮ್ಮ ಮೊಮ್ಮಗಳ ಆಣೆ."

ಆಣೆ ಎಂದ ಮೇಲೆ ಅತ್ತೆ ನಂಬಲೇಬೇಕಲ್ಲ. ಸೆರಗಿನ ತುದಿ ಸುತ್ತುತ್ತ ಕೂತರು. ನೀಲಾ ಅಂಗಳದಲ್ಲಿ ಒದ್ದೆಯಾದ ಪುಸ್ತಕಗಳನ್ನು ಒಂದೊಂದಾಗಿ ಒಣಹಾಕುತ್ತಿದ್ದಳು, ಅಂದು ದೋಣಿಗೆ ನೀರು ನುಗ್ಗಿತ್ತು. ಅವಳನ್ನೇ ನೋಡುತ್ತ ಅತ್ತೆ, "ಹಂಗಾದ್ರೆ ಈ ಸಲ ನಾನು ಏಳೋದಿಲ್ಲ" ಎಂದರು. "ನಂಬ್ದೆ ಇರೋದು ಹೆಂಗೆ ಅಂತ ಹೇಳ್ಕೊಡು. ನಿನಗೆ ಚೆನ್ನಾಗಿ ಬರ್ತದಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಪಾಠ ಶುರುವಾಯಿತು. ಅರವತ್ತು ದಾಟಿದವರಿಗೆ ಅಕ್ಷರ ಕಲಿಸುವುದು ಸುಲಭ, ಅಪನಂಬಿಕೆ ಕಲಿಸುವುದು ಬ್ರಹ್ಮವಿದ್ಯೆ. ಮೊದಲು ಬದನೆಕಾಯಿಯವನ ಹತ್ತಿರ ಕರೆದುಕೊಂಡು ಹೋದೆ. ಅವನು ಹುಳುಕಿಲ್ಲ ಅನ್ನಬೇಕು, ಇವರು ಸುಳ್ಳು ಅನ್ನಬೇಕು, ಅಷ್ಟೇ ಪಾಠ. ಅವನು ಅಂದ. ಅತ್ತೆ ಬಾಯಿ ತೆರೆದರು, ಅವನ ಮುಖ ನೋಡಿದರು, "ಎಷ್ಟು ಬಿಸಿಲಲ್ಲಿ ತಿರುಗ್ತೀಯಪ್ಪ" ಎಂದು ಹುಳುಕಿನದನ್ನೇ ಬುಟ್ಟಿಗೆ ತುಂಬಿಕೊಂಡರು. ಮಾರನೆಯ ದಿನ ಬಳೆಗಾರ ಬಂದ. ಹಸಿರು ಬಳೆ ತೊಟ್ಟರೆ ಇಪ್ಪತ್ತು ವರ್ಷ ಕಿರಿಯಳಾಗಿ ಕಾಣುತ್ತೀಯವ್ವ ಎಂದ. ಗಂಡ ತೀರಿದ ಮೇಲೆ ಬಳೆ ಬಿಟ್ಟಿದ್ದ ನಮ್ಮತ್ತೆ ಅಂದು ಕೈತುಂಬ ತೊಟ್ಟುಕೊಂಡು ಕನ್ನಡಿ ಮುಂದೆ ನಿಂತುಬಿಟ್ಟರು. ನೀಲಾ ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು. ಬೈಯುವಷ್ಟರಲ್ಲಿ ಯಾಕೋ ಅವರು ನಿಜಕ್ಕೂ ಚೆನ್ನಾಗಿ ಕಂಡರು.

ರೇಡಿಯೋದಲ್ಲಿ ಮಳೆಯ ಸುದ್ದಿ ಹೇಳುವಾಗ "ಸುಳ್ಳು ಅನ್ನಿ, ಸುಳ್ಳು ಅನ್ನಿ" ಎಂದು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದೆ. ಅವರು "ಸುಳ್ಳು" ಎಂದು, ತಕ್ಷಣ ಕೆನ್ನೆ ಬಡಿದುಕೊಂಡು, ಹೋಗಿ ಒಣಗಿದ ಬಟ್ಟೆಗಳನ್ನೆಲ್ಲ ಒಳಗೆ ತರುತ್ತಿದ್ದರು. ಹಬ್ಬ ಹತ್ತಿರ ಬರುತ್ತಿತ್ತು. ನನಗೆ ದಿಕ್ಕು ತೋಚಲಿಲ್ಲ. ಸೊಂಟಕ್ಕೆ ಒರಳು ಕಲ್ಲು ಕಟ್ಟಿಬಿಡಲೇ ಎಂದೂ ಯೋಚಿಸಿದೆ. ಹಳೆಯ ಕಾಲದಲ್ಲಿ ಒಬ್ಬರಿಗೆ ಹಾಗೆ ಕಟ್ಟಿದ್ದರಂತೆ, ಅವರು ಕಲ್ಲು ಸಮೇತ ಎದ್ದರಂತೆ.

ಒಂದು ದಿನ ಊಟಕ್ಕೆ ಕೂತಾಗ ನಾನು ಸಾರು ಬಡಿಸುತ್ತ, "ಉಪ್ಪು ಸರಿಯಾಗಿದೆ ಅತ್ತೆ" ಎಂದೆ. ಅವರು ನನ್ನ ಮುಖವನ್ನೂ ನೋಡದೆ ಅಂಗೈ ಚಾಚಿದರು. ನೋಡಿ, ಆಗ ನನಗೆ ಹೊಳೆಯಿತು. "ಅತ್ತೆ! ಇದೇ! ಈಗ ಒಳಗೆ ಏನನಿಸ್ತಿದೆ ನಿಮಗೆ?"

"ಏನನಿಸ್ತದೆ? ನೀನು ಉಪ್ಪು ಹಾಕಿಲ್ಲ ಅನಿಸ್ತದೆ."

"ನಾನು ಹಾಕಿದೀನಿ ಅಂತ ಹೇಳಿದ್ನಲ್ಲ?"

"ಹೇಳ್ತೀಯ. ನೀನು ಬಂದಾಗಿಂದ ಹೇಳ್ತಾನೇ ಇದೀಯ."

"ಅದೇ ಅತ್ತೆ ನಂಬದೆ ಇರೋದು ಅಂದ್ರೆ! ಹಬ್ಬದ ದಿನ ಪರ್ವತಯ್ಯ ಬಾಯಿ ತೆರೆದ ಕೂಡ್ಲೆ ನನ್ನ ಸಾರು ನೆನೆಸ್ಕೊಳ್ಳಿ. ಅವರು ಏನೇ ಅನ್ಲಿ, ಉಪ್ಪು ಹಾಕಿಲ್ಲ ಅಂದ್ಕೊಳ್ಳಿ."

ಅತ್ತೆ ಒಂದು ಹನಿ ನೆಕ್ಕಿ ನೋಡಿದರು. "ಹಾಕಿಲ್ಲ" ಎಂದರು. ನಿಜಕ್ಕೂ ಮರೆತಿದ್ದೆ.

ಹಬ್ಬದ ದಿನ ಮೋಡವಿತ್ತು, ಮಳೆಯಿರಲಿಲ್ಲ. ಅತ್ತೆ ಹಸಿರು ಬಳೆ ತೊಟ್ಟು, ಮಡಿ ಸೀರೆ ಉಟ್ಟು ಬಂದಿದ್ದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಕಂಬದ ಬುಡಕ್ಕೆ ನಮಸ್ಕಾರ ಮಾಡಿ ಎಂದಿನ ಜಾಗದಲ್ಲಿ ನಿಂತೆವು. ಒಂದು ಪಕ್ಕ ನಾನು, ಒಂದು ಪಕ್ಕ ನೀಲಾ. ಕಾಳಾಚಾರಿ ಮಡಚಿದ ಬಾವುಟವನ್ನು ತಟ್ಟೆಯಲ್ಲಿಟ್ಟುಕೊಂಡು ಅತ್ತೆಯ ಮುಂದೆಯೇ ಬಂದು ನಿಂತ, ಮದುವೆಯಲ್ಲಿ ತಾಳಿ ಹಿಡಿದು ನಿಲ್ಲುವವರ ಹಾಗೆ. ಪರ್ವತಯ್ಯ ಕಟ್ಟೆ ಹತ್ತಿದರು. ಹಿರಿಯರ ತ್ಯಾಗ ಆಯಿತು, ಬಲಿದಾನ ಆಯಿತು. ಕೈ ಎತ್ತಿದರು. "ನಾಡದೇವಿಯ ಸಾಕ್ಷಿಯಾಗಿ, ಹಿರಿಯರ ಆಣೆಯಾಗಿ, ಮುಂದಿನ ಹಬ್ಬದೊಳಗೆ ಈ ಹೊಳೆಗೆ ಸೇತುವೆ!"

"ಹಾಗೇ ಆಗಲಿ" ಎಂದರು ಜನ.

ಅತ್ತೆ ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿತ್ತು. ಕಿವಿಗೊಟ್ಟು ಕೇಳಿದೆ. "ಉಪ್ಪು ಹಾಕಿಲ್ಲ. ಉಪ್ಪು ಹಾಕಿಲ್ಲ." ನಾನು ಬಗ್ಗಿ ನೋಡಿದೆ. ಎರಡೂ ಪಾದ ಮಣ್ಣಿನ ಮೇಲೆ ಗಟ್ಟಿಯಾಗಿ ಊರಿದ್ದವು.

ಕಾಳಾಚಾರಿ ತಟ್ಟೆಯನ್ನು ಒಂದಿಷ್ಟು ಮುಂದಕ್ಕೆ ಚಾಚಿದ. ಪರ್ವತಯ್ಯ ಕಾದರು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮುಂದಿನ ಹಬ್ಬದೊಳಗಲ್ಲ, ದೀಪಾವಳಿಯೊಳಗೇ ಸೇತುವೆ!" ಎಂದರು. ಅತ್ತೆ ಏಳಲಿಲ್ಲ. ಸೇತುವೆಯ ಜೊತೆಗೆ ಆಸ್ಪತ್ರೆಯನ್ನೂ ಕೊಟ್ಟರು. ಆಸ್ಪತ್ರೆಯ ಜೊತೆಗೆ ಕಾಲೇಜು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಾಕವ್ವ ಏಳದ ಹಬ್ಬವನ್ನು ಅವರು ಎಂದೂ ಕಂಡಿರಲಿಲ್ಲ. ಯಾರೋ, "ಅಜ್ಜಿಗೆ ಹುಷಾರಿಲ್ವೇನೋ" ಅಂದರು.

ಕಟ್ಟಳೆ ಎಂದರೆ ಕಟ್ಟಳೆ, ಇಳಿಯುವಂತಿಲ್ಲ. ಪರ್ವತಯ್ಯ ಮಾತಾಡುತ್ತಲೇ ಹೋದರು. ಮನೆಗೊಂದು ಹಸು ಕೊಟ್ಟರು. ಹಸುವಿಗೊಂದು ಫ್ಯಾನು ಕೊಟ್ಟರು. ವಿಮಾನ ನಿಲ್ದಾಣ ಬಂತು, ರೈಲು ಬಂತು, ಹೊತ್ತು ನೆತ್ತಿಗೇರುವಷ್ಟರಲ್ಲಿ ಸಮುದ್ರವನ್ನೇ ಊರ ಬಾಗಿಲಿಗೆ ತಂದು ನಿಲ್ಲಿಸಿದರು. ದೇವರುಗಳೂ ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳಿ ಹೋದರು. ಊರಲ್ಲಿ ಗುಡಿಯಿಲ್ಲದ ದೇವರುಗಳನ್ನೂ ಕರೆದರು. ಪಾನಕ ಬಿಸಿಯಾಯಿತು, ಕೋಸಂಬರಿ ಹಳಸಿತು. ಮಕ್ಕಳು ಅಳತೊಡಗಿದವು. ಪಾಪ, ಹಿಂದಿನ ದಿನದಿಂದ ಉಪವಾಸವಿದ್ದ ಮನುಷ್ಯ, ದನಿ ಹೋಗಿ, ಮೈಕಿನ ಕೋಲು ಹಿಡಿದುಕೊಂಡು ನಿಂತಿದ್ದರು. ಅತ್ತೆ ಮಾತ್ರ, "ಉಪ್ಪು ಹಾಕಿಲ್ಲ, ಹುಳಿಯೂ ಹಾಕಿಲ್ಲ" ಎನ್ನುತ್ತ ಕಲ್ಲಿನ ಹಾಗೆ ನಿಂತಿದ್ದರು. ನನಗೆ ಒಳಗೊಳಗೇ ಹಿಗ್ಗು. ಕೊಡು ಮಹರಾಯ, ಇನ್ನೂ ಏನೇನು ಕೊಡುತ್ತೀಯೋ ಕೊಡು ಅಂದುಕೊಂಡೆ.

ಕೊನೆಗೆ ಪರ್ವತಯ್ಯನ ಹತ್ತಿರ ಸುಳ್ಳು ಮುಗಿದು ಹೋಯಿತು. ನಿಜವಾಗಿ ಆದದ್ದು ಅಷ್ಟೇ, ಅದರಲ್ಲಿ ಪಶ್ಚಾತ್ತಾಪ ಗಿಶ್ಚಾತ್ತಾಪ ಇತ್ತೆಂದು ನಾನು ಹೇಳಲಾರೆ. ಬಾಯಿ ನಿಲ್ಲಿಸುವಂತಿಲ್ಲ, ಬಾಯಲ್ಲಿ ಬೇರೆ ಏನೂ ಉಳಿದಿಲ್ಲ. ಬೆವರು ಒರೆಸಿಕೊಂಡು, ಯಾವ ದೇವರನ್ನೂ ಕರೆಯದೆ, ಸಾದಾ ದನಿಯಲ್ಲಿ ಅಂದರು.

"ಕಬ್ಬಿಣ ದೊಡ್ಡೀಲಿದೆ. ಟಾರ್ಪಾಲಿನ ಕೆಳಗೆ. ಮೊನ್ನೆ ಬಂದದ್ದಲ್ಲ. ಆಚೆ ದಡಕ್ಕೆ ಕರೆಂಟು ಬಂತಲ್ಲ, ಆ ವರ್ಷವೇ ಬಂದದ್ದು. ಭಾಷಣಕ್ಕೆ ಬೇರೆ ಮಾತಿರಲಿಲ್ಲ, ಅದಕ್ಕೆ ಕಟ್ಟಲಿಲ್ಲ."

ಬಯಲಲ್ಲಿ ಯಾರೂ "ಹಾಗೇ ಆಗಲಿ" ಅನ್ನಲಿಲ್ಲ.

ಮೊದಲು ಕಾಳಾಚಾರಿ ಎದ್ದ. ತಟ್ಟೆ ಕೈಯಿಂದ ಜಾರಿ ಬಿತ್ತು. ಆಮೇಲೆ ಹಾಲಿನವಳು, ಬದನೆಕಾಯಿಯವನು, ಅಂಬಿಗ. ಮುಂದಿನ ಸಾಲು, ಹಿಂದಿನ ಸಾಲು, ಸ್ವಯಂಸೇವಕರು, ಕಂಕುಳಲ್ಲಿ ಕೂಸುಗಳನ್ನಿಟ್ಟುಕೊಂಡ ಹೆಂಗಸರು, ಎಲ್ಲರೂ. ಇಡೀ ಊರು ಒಂದೇ ಸಲಕ್ಕೆ ನೆಲ ಬಿಟ್ಟಿತು. ಆ ಮಾತನ್ನು ನಂಬದವರು ಯಾರಿದ್ದರು? ನನ್ನ ಕಾಲ ಕೆಳಗೂ ಮಣ್ಣು ತಪ್ಪಿತು. ಇಷ್ಟು ವರ್ಷ ಏಳುವುದೆಂದರೆ ಏನೋ ಸುಖ, ಏನೋ ಪುಣ್ಯ ಎಂದುಕೊಂಡಿದ್ದೆ. ಹಾಗೇನಿಲ್ಲ. ಯಾರೋ ರಟ್ಟೆ ಹಿಡಿದು ಜಗ್ಗಿದ ಹಾಗಿತ್ತು. ಕರೆಂಟು ಬಂದ ವರ್ಷ ಕಬ್ಬಿಣ. ಅದರ ಮರುವರ್ಷ ಹಾವು. ದಡದಲ್ಲಿ ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ತೊಲೆಗಳು ದೊಡ್ಡಿಯಲ್ಲಿದ್ದವು. ಪ್ರತಿ ವರ್ಷ ಅವರ ಎಡೆಗೆ ಇಡುವ ಸಂಡಿಗೆಯನ್ನು ನಾನು ಆ ತೊಲೆಗಳ ಮೇಲೆಯೇ ಒಣಗಿಸಿದ್ದೆ. ಏರುತ್ತಲೇ ಹೋದೆ.

ನಾವೆಲ್ಲ ಕಂಬದ ತುದಿಗಿಂತ ಮೇಲೆ ಹೋಗಿದ್ದೆವು. ಇಷ್ಟು ಜನ ಏಳುತ್ತಾರೆಂದು ಯಾರಿಗೆ ಗೊತ್ತಿತ್ತು? ಗೊತ್ತಿದ್ದರೆ ಅಷ್ಟು ಕೊಯ್ಯುತ್ತಿರಲಿಲ್ಲ. ಕಾಳಾಚಾರಿ ನನ್ನ ಪಕ್ಕದಲ್ಲೇ ತೇಲುತ್ತ ಕೆಳಗೆ ಕೈ ಚಾಚುತ್ತಿದ್ದ, ತುದಿ ಅವನ ಪಾದಕ್ಕೂ ಎಟುಕುತ್ತಿರಲಿಲ್ಲ. ಕಟ್ಟೆಯ ಮೇಲೆ ಪರ್ವತಯ್ಯ ಕೂಡ ಒಂದು ಗೇಣು ಎದ್ದು, ತನ್ನ ಕಾಲನ್ನು ತಾನೇ ನೋಡಿಕೊಳ್ಳುತ್ತಿದ್ದರು. ಭಾಷಣ ಮಾಡುವವರು ಎದ್ದದ್ದನ್ನು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ.

ಕೆಳಗೆ, ಅಷ್ಟು ದೊಡ್ಡ ಬಯಲಿನಲ್ಲಿ, ನಮ್ಮತ್ತೆ ಒಬ್ಬರೇ ನಿಂತಿದ್ದರು. ಕಣ್ಣು ತೆರೆದಿದ್ದರು. ಸಾರಿನ ಜಪ ನಿಂತಿತ್ತು. ಪರ್ವತಯ್ಯನ ಕಡೆಗೆ ತಿರುಗಿ, ಊರೆಲ್ಲ ಕೇಳುವಂತೆ ಅಂದರು.

"ಸುಳ್ಳು."

ಕಟ್ಟೆಯ ಕಡೆಗೆ ಎರಡು ಹೆಜ್ಜೆ ಇಟ್ಟರು.

"ಸುಳ್ಳು ಹೇಳ್ತೀರಿ. ನನ್ನ ಮಗ ಅಲ್ಲಿ ದಡದಾಗೆ ಬಿದ್ದಿದ್ದಾಗ ಕಬ್ಬಿಣ ಇಲ್ಲಿತ್ತಾ? ಅದ್ರ ಮೇಲೆ ಕೂತ್ಕೊಂಡು ಟೀ ಕುಡೀತಿದ್ರಾ? ಯಾವ ಮನುಷ್ಯನೂ ಹಂಗೆ ಮಾಡೋದಿಲ್ಲ. ನಾನು ನಂಬೋದಿಲ್ಲ."

ಎಷ್ಟು ಪಾಠ ಹೇಳಿದರೂ ಬಾರದ ಮಾತು ಆಗ ಬಂದಿತ್ತು. ಅತ್ತೆ ಬಗ್ಗಿ ಮಣ್ಣಲ್ಲಿ ಬಿದ್ದಿದ್ದ ಬಾವುಟ ಎತ್ತಿಕೊಂಡರು. ಕೊಡವಿದರು, ಕಣ್ಣಿಗೊತ್ತಿಕೊಂಡರು. ಕಂಬದ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ ಕಟ್ಟತೊಡಗಿದರು. ಬಳೆಗಳು ಮೊಣಕೈವರೆಗೆ ಜಾರಿದವು. ಗಂಟು ಎರಡು ಸಲ ಬಿಚ್ಚಿಕೊಂಡಿತು. ನೆಲದ ಮೇಲೆ ನಿಂತು ಬಾವುಟ ಕಟ್ಟುವುದು ಕಟ್ಟಳೆಗೆ ವಿರುದ್ಧ. ಆದರೆ ಬೇಡ ಎಂದು ತಡೆಯಲು ನೆಲದ ಮೇಲೆ ಯಾರಿದ್ದರು? ನಾನು ಮೇಲಿನಿಂದ ಅವರ ಪಾದವನ್ನೇ ನೋಡುತ್ತಿದ್ದೆ. ಎರಡೂ ಹೆಬ್ಬೆರಳು ಮಣ್ಣಿಗೆ ಹತ್ತಿಕೊಂಡೇ ಇದ್ದವು.

ಕಟ್ಟಿದ ಮೇಲೆ ಅವರು ನಮ್ಮನ್ನು ಹುಡುಕುತ್ತ ತಲೆ ಎತ್ತಿ ಬಂದರು. ನೀಲಾ ಅಷ್ಟರಲ್ಲಿ ಅಳುತ್ತ ಇಳಿದು ಅಜ್ಜಿಯ ಸೊಂಟ ತಬ್ಬಿದ್ದಳು. ಉಳಿದವರೂ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಇಳಿದವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಸೀದಾ ದೊಡ್ಡಿಯ ಕಡೆಗೆ ನಡೆಯುತ್ತಿದ್ದರು. ಟಾರ್ಪಾಲು ಹರಿಯುವ ಸದ್ದು, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ನನಗೆ ಮೇಲಿನವರೆಗೂ ಕೇಳಿಸುತ್ತಿತ್ತು. ನನಗೆ ಮಾತ್ರ ಇಳಿಯಲು ಆಗುತ್ತಿರಲಿಲ್ಲ. ಅಲ್ಲಿಂದ ಹೊಳೆ ಕಾಣುತ್ತಿತ್ತು. ಅದರ ಆಚೆಗೆ ಆಸ್ಪತ್ರೆ.

ಅತ್ತೆ ನನ್ನ ಕೆಳಗೆ ಬಂದು ನಿಂತು, ಕೈ ಚಾಚಿ, ಇಳಿಬಿದ್ದ ನನ್ನ ಸೀರೆಯ ಅಂಚು ಹಿಡಿದುಕೊಂಡರು.

"ಇಳಿಯೇ" ಎಂದು ಎಳೆದರು. "ನಂಬಬ್ಯಾಡ ಕಣೆ ದಾಕ್ಷಿ, ನಂಬಬ್ಯಾಡ. ನಿನ್ನ ಸಾರು ನೆನೆಸ್ಕೊ."